ಹಳೆಯ ಟರ್ನ್‌ಟೇಬಲ್ ಕೊಳ್ಳುವ ಮುನ್ನ: ಕಣ್ಣು, ಕೈ, ಕಿವಿಗಳಿಂದ ಪರೀಕ್ಷಿಸುವ ಕ್ರಮ

ಹಳೆಯ ಟರ್ನ್‌ಟೇಬಲ್ ಕೊಂಡವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಮಾರುವವರ ಮುಂದೆ ಚೆನ್ನಾಗಿಯೇ ತಿರುಗುತ್ತಿತ್ತು. ಮನೆಗೆ ತಂದು ರೆಕಾರ್ಡ್ ಹಾಕಿದರೆ ಒಂದು ಸ್ಪೀಕರ್ ಮೂಕವಾಗಿದೆ, ಸ್ವರ ಎಳೆದಾಡುತ್ತಿದೆ, ಸೂಜಿ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಿದೆ. ಕೇಳಿ ನೋಡಿದರೆ ಆದ ತಪ್ಪೂ ಒಂದೇ: ಸ್ವಿಚ್ ಹಾಕಿದರು, ತಿರುಗುವುದನ್ನು ನೋಡಿದರು, ಹಣ ಕೊಟ್ಟರು. ತಿರುಗುವುದು ಈ ಯಂತ್ರದ ಅತಿ ಸುಲಭದ ಕೆಲಸ. ಸರಿಯಾದ ವೇಗದಲ್ಲಿ, ಸದ್ದಿಲ್ಲದೆ, ಒಂದು ಸಣ್ಣ ವಜ್ರದ ತುದಿಯನ್ನು ಗೆರೆಯೊಳಗೆ ತಡೆಯಿಲ್ಲದೆ ನಡೆಸುವುದೇ ಕಷ್ಟದ ಕೆಲಸ. ಪರೀಕ್ಷೆ ನಡೆಯಬೇಕಾದದ್ದು ಅಲ್ಲಿ.

ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಮೊದಲು ಕಣ್ಣು, ಆಮೇಲೆ ಕೈ, ಆಮೇಲೆ ವಿದ್ಯುತ್, ಕೊನೆಯಲ್ಲಿ ಕಿವಿ. ಹಾಡು ಕೇಳಿಸಲು ಶುರುವಾದ ಮೇಲೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಬೇರಿಂಗ್ ಅಲುಗುತ್ತಿದೆಯೇ ಎಂದು ನೋಡುವ ತಾಳ್ಮೆ ಉಳಿಯುವುದಿಲ್ಲ. ಪ್ರತಿ ದೋಷ ಕಂಡಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಭಾಗ ಇಂದು ಹೊಸದಾಗಿ ಸಿಗುತ್ತದೆಯೇ?

1. ಹೊರಡುವ ಮುನ್ನ

ಮಾರುವವರಿಂದ ಮಾದರಿ ಸಂಖ್ಯೆ ಮತ್ತು ಹಿಂಬದಿಯ ಅಥವಾ ತಳದ ವಿದ್ಯುತ್ ಫಲಕದ ಫೋಟೋ ತರಿಸಿಕೊಳ್ಳಿ. ಮಾದರಿ ಸಂಖ್ಯೆ ಇದ್ದರೆ ಅದರ ಬಳಕೆದಾರರ ಕೈಪಿಡಿಯನ್ನು ಹುಡುಕಿ ಓದಬಹುದು. ಅದು ಬೆಲ್ಟ್‌ನಿಂದ ತಿರುಗುತ್ತದೆಯೇ, ಮೋಟಾರ್ ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವೇ, ರಬ್ಬರ್ ಚಕ್ರ ಉಜ್ಜಿ ತಿರುಗಿಸುವ ಐಡ್ಲರ್ ಮಾದರಿಯೇ, ಸೂಜಿಯನ್ನು ಹೊತ್ತ ತೋಳು ತಾನಾಗಿ ಎದ್ದು ಹಿಂದಿರುಗಬೇಕೇ, ಕೈಯಿಂದಲೇ ಎತ್ತಬೇಕೇ ಎಂಬುದು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಸಹಜವಾದದ್ದನ್ನು ದೋಷವೆಂದೂ ದೋಷವನ್ನು ಸಹಜವೆಂದೂ ತಿಳಿಯುತ್ತೀರಿ.

"ಕೆಲಸ ಮಾಡುತ್ತದೆಯೇ?" ಎಂದು ಕೇಳಬೇಡಿ. "ಕೊನೆಯ ಸಲ ಒಂದು ರೆಕಾರ್ಡನ್ನು ಪೂರ್ತಿ, ಎರಡೂ ಸ್ಪೀಕರ್‌ಗಳಲ್ಲಿ ಕೇಳಿದ್ದು ಯಾವಾಗ?" ಎಂದು ಕೇಳಿ. ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ. ನೀವು ಬರುವ ಮುನ್ನ ಅದನ್ನು ಚಾಲೂ ಮಾಡದೆ ಇಡುವಂತೆಯೂ ಹೇಳಿ. ಗಟ್ಟಿಯಾದ ಎಣ್ಣೆ, ಬಿಗಿದ ಮೋಟಾರ್ ಬಯಲಾಗುವುದು ಯಂತ್ರ ತಣ್ಣಗಿರುವಾಗ.

ಜೊತೆಯಲ್ಲಿ ಒಯ್ಯಬೇಕಾದವು:

- ಎರಡು ರೆಕಾರ್ಡ್‌ಗಳು. ಒಂದು ಹಾಳಾದರೂ ಚಿಂತೆಯಿಲ್ಲದ್ದು. ಇನ್ನೊಂದು ನಿಮಗೆ ಬಾಯಿಪಾಠವಾಗಿರುವ, ಪಿಯಾನೋ ಅಥವಾ ದೀರ್ಘ ಸ್ವರಗಳಿರುವ, ಬಾಗಿರದ ರೆಕಾರ್ಡ್
- ಸೂಜಿ ರೆಕಾರ್ಡಿನ ಮೇಲೆ ಒತ್ತುವ ಭಾರ ಅಳೆಯುವ ಪುಟ್ಟ ಡಿಜಿಟಲ್ ತಕ್ಕಡಿ
- ಕನಿಷ್ಠ 30 ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಟಾರ್ಚ್
- ಫೋನೋ ಪ್ರಿಆಂಪ್ (ಟರ್ನ್‌ಟೇಬಲ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ), ಪುಟ್ಟ ಸ್ಪೀಕರ್ ಜೋಡಿ ಅಥವಾ ಹೆಡ್‌ಫೋನ್ ಆಂಪ್ಲಿಫೈಯರ್, ಬೇಕಾದ ಕೇಬಲ್‌ಗಳು
- ಬಣ್ಣದ ಅಂಟುಪಟ್ಟಿಯ ತುಂಡು, ಸಣ್ಣ ಸ್ಕ್ರೂಡ್ರೈವರ್, ಒಣ ಬಟ್ಟೆ, ಮಟ್ಟ ನೋಡುವ ಸಾಧನ, ಸ್ಟಾಪ್‌ವಾಚ್‌ಗೆ ಮೊಬೈಲ್

ತೋಳಿನ ತುದಿಯಲ್ಲಿ ಕಳಚಬಹುದಾದ ಹೆಡ್‌ಶೆಲ್ ಇರುವ ಮಾದರಿಯಾದರೆ, ಚೆನ್ನಾಗಿರುವ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಜೋಡಿಸಿದ ನಿಮ್ಮದೇ ಹೆಡ್‌ಶೆಲ್ ಒಯ್ದರೆ ಪರೀಕ್ಷೆ ಅರ್ಧ ಸುಲಭ. ಆಗ ಕೆಟ್ಟ ಸದ್ದು ಸೂಜಿಯದೋ ಯಂತ್ರದ್ದೋ ಎಂಬ ಗೊಂದಲವೇ ಇರುವುದಿಲ್ಲ.

2. ಪ್ಲಗ್ ಹಾಕುವ ಮೊದಲು ಕಣ್ಣು

ಮೊದಲು ವಿದ್ಯುತ್ ಫಲಕ. ಜಪಾನಿನ ಮನೆಬಳಕೆಗಾಗಿ ತಯಾರಾದವು 100 ವೋಲ್ಟ್‌ನವು, ಉತ್ತರ ಅಮೆರಿಕದವು 120 ವೋಲ್ಟ್‌ನವು. ಅವನ್ನು 220–240 ವೋಲ್ಟ್ ಇರುವ ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಅಥವಾ ಮೋಟಾರ್ ಸುಟ್ಟುಹೋಗುತ್ತದೆ. ಕೆಲವು ಯಂತ್ರಗಳಲ್ಲಿ ವೋಲ್ಟೇಜ್ ಆಯ್ಕೆಯ ಸ್ವಿಚ್ ಇರುತ್ತದೆ. ಅದು ಯಾವ ಸ್ಥಾನದಲ್ಲಿದೆ ಎಂದು ನೀವೇ ನೋಡಿ, ಮಾತನ್ನು ನಂಬಬೇಡಿ.

ಫಲಕದಲ್ಲಿ ಹರ್ಟ್ಸ್ ಸಂಖ್ಯೆಯನ್ನೂ ಓದಿ. ಬಹಳ ಜನ ಎಡವುವುದು ಇಲ್ಲಿ. ಹಳೆಯ ಬೆಲ್ಟ್ ಮತ್ತು ಐಡ್ಲರ್ ಮಾದರಿಗಳಲ್ಲಿ ಎಷ್ಟೋ ಮೋಟಾರ್‌ಗಳ ವೇಗವನ್ನು ನಿರ್ಧರಿಸುವುದು ಮನೆಯ ವಿದ್ಯುತ್ತಿನ ಆವರ್ತನ. 60 ಹರ್ಟ್ಸ್‌ಗೆ ಮಾಡಿದ ಅಂಥ ಯಂತ್ರವನ್ನು 50 ಹರ್ಟ್ಸ್‌ನಲ್ಲಿ ಓಡಿಸಿದರೆ ಆರರಲ್ಲಿ ಐದು ಪಾಲು ವೇಗ ಮಾತ್ರ ಬರುತ್ತದೆ. ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 27.8. ಹೊರಗಿನಿಂದ ಜೋಡಿಸುವ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಇದನ್ನು ಸರಿಪಡಿಸುವುದಿಲ್ಲ, ಅದು ಬದಲಿಸುವುದು ವೋಲ್ಟೇಜನ್ನಷ್ಟೇ. ಮೋಟಾರಿನ ಪುಲ್ಲಿಯನ್ನೇ ಬದಲಿಸಬೇಕಾಗುತ್ತದೆ. ಡಿಸಿ ಮೋಟಾರ್ ಇರುವವುಗಳಿಗೂ ಬಹುತೇಕ ಡೈರೆಕ್ಟ್ ಡ್ರೈವ್‌ಗಳಿಗೂ ಈ ತೊಂದರೆ ಇಲ್ಲ.

ಆಮೇಲೆ ವಿದ್ಯುತ್ ತಂತಿ. ಬಿರುಕು ಬಿಟ್ಟ, ಗಟ್ಟಿಯಾದ, ಟೇಪ್ ಸುತ್ತಿದ ತಂತಿ ಕಂಡರೆ ಅಲ್ಲಿಯೇ ಪ್ಲಗ್ ಹಾಕಿ ನೋಡುವ ಆತುರ ಬೇಡ. ತಂತಿ ಬದಲಿಸಬಹುದು, ಆದರೆ ಹಾಗೆ ಪರೀಕ್ಷಿಸುವುದು ಅಪಾಯ.

ಈಗ ಇಲ್ಲದಿರುವ ಭಾಗಗಳನ್ನು ಹುಡುಕಿ. ಇರುವುದನ್ನು ನೋಡುವುದಕ್ಕಿಂತ ಇದು ಮುಖ್ಯ. ತೋಳಿನ ಹಿಂಬದಿಯಲ್ಲಿ ತೂಕದ ಉರುಳೆ, ಅಂದರೆ ಕೌಂಟರ್‌ವೇಟ್, ಇದೆಯೇ? ಅದು ಆಯಾ ತೋಳಿಗೆಂದೇ ಅಳತೆ ಮಾಡಿ ತಯಾರಿಸಿದ್ದು. ಬೇರೆ ಯಂತ್ರದ್ದು ಕೂರುವುದಿಲ್ಲ, ಕೂತರೂ ಸಮತೂಕ ಬರುವುದಿಲ್ಲ. ಕೆಲವು ತೋಳುಗಳಲ್ಲಿ, ತೋಳು ನಡುವಿನ ಕಡೆಗೆ ಎಳೆಯಲ್ಪಡುವುದನ್ನು ತಡೆಯುವ ಆಂಟಿಸ್ಕೇಟಿಂಗ್‌ಗಾಗಿ ದಾರಕ್ಕೆ ನೇತುಹಾಕುವ ಪುಟ್ಟ ತೂಕ ಇರುತ್ತದೆ. ಅದು ಕಳೆದುಹೋಗಿರುವುದೇ ಹೆಚ್ಚು. ಹೆಡ್‌ಶೆಲ್, ರಬ್ಬರ್ ಮ್ಯಾಟ್, ತೋಳನ್ನು ಹಿಡಿದಿಡುವ ಕೊಂಡಿ ಇವನ್ನೂ ನೋಡಿ. ಮುಚ್ಚಳದ ಗೀರುಗಳು ಲೆಕ್ಕಕ್ಕಿಲ್ಲ. ಮುಚ್ಚಳದ ಕೀಲು ಕೂರುವ ಜಾಗ ಮುರಿದಿದ್ದರೆ ಅದು ತಲೆನೋವು.

3. ಪ್ಲ್ಯಾಟರ್ ಮತ್ತು ಅದರ ಬೇರಿಂಗ್

ಪ್ಲ್ಯಾಟರ್ ಎಂದರೆ ರೆಕಾರ್ಡ್ ಕೂರುವ, ಹೆಚ್ಚಾಗಿ ಲೋಹದ ಚಕ್ರ. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿಟ್ಟು, ಪ್ಲ್ಯಾಟರ್ ಅಂಚಿನ ಎತ್ತರಕ್ಕೆ ಕಣ್ಣು ತಂದು ಕೈಯಿಂದ ನಿಧಾನವಾಗಿ ತಿರುಗಿಸಿ. ಅಂಚು ಮೇಲೆ ಕೆಳಗೆ ಕುಣಿಯಬಾರದು. ಮ್ಯಾಟ್ ತೆಗೆದು ನೋಡಿ, ಉಬ್ಬಿದ ರಬ್ಬರ್ ಮೋಸಗೊಳಿಸುತ್ತದೆ.

ಎದುರುಬದುರು ಅಂಚುಗಳನ್ನು ಬೆರಳಿನಿಂದ ಹಿಡಿದು ಮೆಲ್ಲಗೆ ಅಲುಗಿಸಿ. ನಡುವಿನ ಬೇರಿಂಗ್‌ನಿಂದ "ಟಕ್" ಎಂಬ ಸಡಿಲು ಕೈಗೆ ತಾಗಿದರೆ ಅದು ಸವೆದಿದೆ. ಸ್ಪ್ರಿಂಗ್‌ಗಳ ಮೇಲೆ ತೇಲುವ ಒಳಚೌಕಟ್ಟು ಇರುವ ಮಾದರಿಗಳಲ್ಲಿ ಪ್ಲ್ಯಾಟರ್ ಮತ್ತು ತೋಳು ಒಟ್ಟಿಗೆ ಅಲುಗುತ್ತವೆ, ಅದು ದೋಷವಲ್ಲ. ಆ ತೇಲಾಟ ಮೇಲೆ ಕೆಳಗೆ ಮೃದುವಾಗಿರಬೇಕು. ಒಂದು ಮೂಲೆಗೆ ವಾಲಿದ್ದರೆ ಸ್ಪ್ರಿಂಗ್ ಅಥವಾ ಅದರೊಳಗಿನ ಫೋಮ್ ಹೋಗಿದೆ.

ಬೆಲ್ಟ್ ಮಾದರಿಯಾದರೆ ಮಾರುವವರ ಒಪ್ಪಿಗೆ ಪಡೆದು ಪ್ಲ್ಯಾಟರ್ ಎತ್ತಿ. ಬೆಲ್ಟ್ ಸಡಿಲಾಗಿರಬಹುದು, ಕರಗಿ ಡಾಂಬರಿನಂತೆ ಅಂಟಿರಬಹುದು. ಎರಡೂ ಸಣ್ಣ ಮಾತು: ಬೆಲ್ಟ್ ಸುಲಭವಾಗಿ ಸಿಗುತ್ತದೆ, ಅಂಟು ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಹೋಗುತ್ತದೆ. ಬೆಲ್ಟ್ ತೆಗೆದ ಪ್ಲ್ಯಾಟರನ್ನು ಮತ್ತೆ ಕೂರಿಸಿ ಕೈಯಿಂದ ಒಮ್ಮೆ ತಿರುಗಿಸಿ ಬಿಡಿ. ಸದ್ದಿಲ್ಲದೆ ಬಹಳ ಹೊತ್ತು ತಿರುಗಿ ನಿಧಾನವಾಗಿ ನಿಲ್ಲಬೇಕು. ಬೇಗ ನಿಂತರೆ ಎಣ್ಣೆ ಒಣಗಿದೆ; ಶುಚಿ ಮಾಡಿ ಎಣ್ಣೆ ಬಿಟ್ಟರೆ ಸರಿಹೋಗಬಹುದು. ಕರಕರ ಸದ್ದು ಬಂದರೆ ಲೋಹವೇ ಸವೆದಿದೆ.

ಐಡ್ಲರ್ ಮಾದರಿಯಲ್ಲಿ ರಬ್ಬರ್ ಚಕ್ರದ ಅಂಚನ್ನು ಬೆರಳಿನಿಂದ ಸವರಿ. ಗಾಜಿನಂತೆ ಗಟ್ಟಿಯಾಗಿದ್ದರೆ ಜಾರುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒತ್ತಿಕೊಂಡು ನಿಂತ ಚಕ್ರದಲ್ಲಿ ಚಪ್ಪಟೆ ಕಲೆ ಬೀಳುತ್ತದೆ. ಅದರ "ಧಬ್ ಧಬ್" ಹಾಡಿನೊಳಗೆ ಸೇರಿಬಿಡುತ್ತದೆ.

ಡೈರೆಕ್ಟ್ ಡ್ರೈವ್‌ನಲ್ಲಿ ವಿದ್ಯುತ್ ಇಲ್ಲದೆ ಪ್ಲ್ಯಾಟರ್ ತಿರುಗಿಸುವಾಗ ಕೆಲವೊಮ್ಮೆ ಅಯಸ್ಕಾಂತದ ಸಣ್ಣ ಎಳೆತ ಹಂತಹಂತವಾಗಿ ತಾಗುತ್ತದೆ. ಅದು ಸಹಜ.

4. ತೋಳು: ಇಲ್ಲಿ ಆತುರ ಬೇಡ

ಇಡೀ ಪರೀಕ್ಷೆಯಲ್ಲಿ ಒಂದೇ ಹಂತಕ್ಕೆ ಸಮಯವಿದ್ದರೆ ಇದಕ್ಕೆ ಕೊಡಿ. ಬೆಲ್ಟ್, ಸೂಜಿ, ಕೇಬಲ್ ಎಲ್ಲವನ್ನೂ ಬದಲಿಸಬಹುದು. ಕೆಟ್ಟ ಬೇರಿಂಗ್‌ನ ತೋಳು ಒಳ್ಳೆಯ ಸೂಜಿಯನ್ನೂ ಒಳ್ಳೆಯ ರೆಕಾರ್ಡನ್ನೂ ಒಟ್ಟಿಗೆ ಹಾಳುಮಾಡುತ್ತದೆ, ಮತ್ತು ಅದನ್ನು ಸರಿಪಡಿಸಬಲ್ಲವರು ಕಡಿಮೆ.

ಮೊದಲು ಸಡಿಲು. ಹೆಡ್‌ಶೆಲ್ ಬಿಗಿಯುವ ಸುತ್ತುಬಳೆಯನ್ನು ಬಿಗಿ ಮಾಡಿ, ಹೆಡ್‌ಶೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಹಿಂದೆ, ಅಕ್ಕಪಕ್ಕ ಅತಿ ಮೆಲ್ಲಗೆ ಅಲುಗಿಸಿ. ತೋಳಿನ ಬುಡದಲ್ಲಿ ಸಡಿಲು ತಾಗಬಾರದು. ಒಂದೇ ಮೊನೆಯ ಮೇಲೆ ನಿಲ್ಲುವ ಯೂನಿಪಿವಟ್ ತೋಳುಗಳು ಪಕ್ಕಕ್ಕೆ ಹೊರಳಾಡುವುದು ಅವುಗಳ ವಿನ್ಯಾಸವೇ. ಅವಕ್ಕೆ ಈ ಪರೀಕ್ಷೆ ಸಲ್ಲುವುದಿಲ್ಲ.

ಮುಂದಿನದು ತೇಲಿಸುವ ಪರೀಕ್ಷೆ. ಸೂಜಿಗೆ ಕವಚ ಹಾಕಿ. ಆಂಟಿಸ್ಕೇಟಿಂಗ್ ಸೊನ್ನೆಗೆ ತನ್ನಿ. ತೋಳನ್ನು ಎತ್ತುವ ಸನ್ನೆಯನ್ನು (ಲಿವರ್) ಕೆಳಗಿಳಿಸಿ. ತೋಳಿನೊಳಗಿನ ಸ್ಪ್ರಿಂಗ್‌ನಿಂದ ಭಾರ ಕೊಡುವ ಮಾದರಿಯಾದರೆ ಆ ತಿರುಗುಗುಂಡಿಯೂ ಸೊನ್ನೆಯಲ್ಲಿರಲಿ. ಈಗ ತೋಳನ್ನು ಕೈಯಲ್ಲಿ ಹಿಡಿದುಕೊಂಡೇ ಕೌಂಟರ್‌ವೇಟನ್ನು ಸ್ವಲ್ಪಸ್ವಲ್ಪ ತಿರುಗಿಸುತ್ತ, ತೋಳು ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ಗಾಳಿಯಲ್ಲಿ ಸಮನಾಗಿ ನಿಲ್ಲುವಂತೆ ಮಾಡಿ.

ನಿಂತ ತೋಳಿನ ತುದಿಗೆ ಮೆಲ್ಲಗೆ ಊದಿ. ಅದು ಪ್ಲ್ಯಾಟರ್‌ನ ಅಂಚಿನಿಂದ ನಡುವಿನ ಕಡೆಗೆ ತಡೆಯಿಲ್ಲದೆ ಸಾಗಬೇಕು. ತುದಿಯನ್ನು ಒಂದಿಷ್ಟು ಒತ್ತಿ ಬಿಟ್ಟರೆ ಮೇಲೆ ಕೆಳಗೆ ತೂಗಿ ಮೊದಲಿನ ಮಟ್ಟಕ್ಕೇ ಬರಬೇಕು. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ, ಜರ್ಕು ಹೊಡೆದಂತೆ ಚಲಿಸಿದರೆ, ಒತ್ತಿದಲ್ಲೇ ಉಳಿದರೆ ಬೇರಿಂಗ್ ಒಣಗಿದೆ ಅಥವಾ ಪೆಟ್ಟು ತಿಂದಿದೆ. ಬುಡದಲ್ಲಿ ತಿರುಚಿಕೊಂಡ ತಂತಿಯೂ ಎಳೆಯುತ್ತಿರಬಹುದು. ತಾನಾಗಿ ಹಿಂದಿರುಗುವ ತೋಳುಗಳಲ್ಲಿ ಒಳಗಿನ ತುದಿ ತಲುಪುವಾಗ ಯಂತ್ರದ ಸಣ್ಣ ತಡೆ ತಾಗುತ್ತದೆ, ಅದಕ್ಕೆ ಹೆದರಬೇಡಿ.

ಸಮತೂಕವೇ ಬರದಿದ್ದರೆ ಕೌಂಟರ್‌ವೇಟ್ ಬೇರೆ ಯಂತ್ರದ್ದಿರಬಹುದು, ಅಥವಾ ಯಾರೋ ಅತಿ ಭಾರದ ಕಾರ್ಟ್ರಿಜ್ ಹಾಕಿರಬಹುದು. ಕೌಂಟರ್‌ವೇಟ್ ಕೂರುವ ಹಿಂಬದಿಯ ತುಂಡು ಕೆಳಗೆ ಜೋತುಬಿದ್ದಿದ್ದರೆ ನಡುವಿನ ರಬ್ಬರ್ ಸತ್ತಿದೆ. ಇದು ಹಳೆಯ ತೋಳುಗಳಲ್ಲಿ ಸಾಮಾನ್ಯ. ಸರಿಪಡಿಸಲು ಬರುತ್ತದೆ, ಆದರೆ ಕೊಡುವ ಬೆಲೆಯಲ್ಲಿ ಅದು ಕಾಣಬೇಕು.

ಈಗ ಆಂಟಿಸ್ಕೇಟಿಂಗ್ ತಿರುಗಿಸಿ. ತೇಲುತ್ತಿರುವ ತೋಳು ನಿಧಾನವಾಗಿ ಹೊರಗಡೆಗೆ ಸರಿಯಬೇಕು. ಏನೂ ಆಗದಿದ್ದರೆ ಒಳಗಿನ ಸ್ಪ್ರಿಂಗ್ ಕಳಚಿದೆ. ಕೊನೆಯದಾಗಿ ಎತ್ತುವ ಸನ್ನೆ: ತೋಳನ್ನು ಎತ್ತಿ ಇಳಿಸಿದಾಗ ಅದು ಮೆಲ್ಲಗೆ ಇಳಿಯಬೇಕು. ಧೊಪ್ಪೆಂದು ಬಿದ್ದರೆ ಒಳಗಿನ ಸಿಲಿಕೋನ್ ಎಣ್ಣೆ ಒಣಗಿದೆ. ಅದನ್ನು ಮತ್ತೆ ತುಂಬಬಹುದು. ಅಲ್ಲಿಯವರೆಗೆ ಸೂಜಿ ಪ್ರತಿ ಸಲವೂ ಪೆಟ್ಟು ತಿನ್ನುತ್ತದೆ.

ರೆಕಾರ್ಡಿನ ಅಡ್ಡಕ್ಕೆ ನೇರವಾಗಿ ಸಾಗುವ ಲೀನಿಯರ್ ಟ್ರ್ಯಾಕಿಂಗ್ ತೋಳುಗಳಿಗೆ ಈ ಹಂತದ ಬಹುಪಾಲು ಅನ್ವಯಿಸುವುದಿಲ್ಲ. ಅವುಗಳಲ್ಲಿ ತೋಳು ಎರಡೂ ದಿಕ್ಕಿಗೆ ಮೋಟಾರ್‌ನಿಂದ ಸರಾಗವಾಗಿ ಓಡುವುದನ್ನು ನೋಡಲೇಬೇಕು. ಓಡದಿದ್ದರೆ, ಮೊದಲ ಬಾರಿ ಕೊಳ್ಳುವವರು ಅದನ್ನು ಬಿಡುವುದೇ ಒಳ್ಳೆಯದು.

5. ಸೂಜಿ ಮತ್ತು ಕಾರ್ಟ್ರಿಜ್

ಬೆರಳಿನಿಂದ ಸೂಜಿಯನ್ನು ತಟ್ಟಿ ಸದ್ದು ಕೇಳುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಮಾಡಬೇಡಿ, ಮಾರುವವರಿಗೂ ಮಾಡಲು ಬಿಡಬೇಡಿ. ಸೂಜಿಯನ್ನು ಹೊತ್ತಿರುವ ಸಣ್ಣ ಕಡ್ಡಿ, ಅಂದರೆ ಕ್ಯಾಂಟಿಲಿವರ್, ಒಂದು ತಟ್ಟಿಗೆ ಬಾಗುತ್ತದೆ.

ಮುಂದಿನಿಂದ ನೋಡಿದಾಗ ಕ್ಯಾಂಟಿಲಿವರ್ ನಡುವೆ ನೇರವಾಗಿರಬೇಕು, ಪಕ್ಕಕ್ಕೆ ವಾಲಿರಬಾರದು. ಭೂತಗನ್ನಡಿಯಲ್ಲಿ ವಜ್ರದ ತುದಿ ಇದೆಯೇ ಎಂಬುದನ್ನೇ ಮೊದಲು ಖಚಿತಪಡಿಸಿಕೊಳ್ಳಿ. ತುದಿಯೇ ಉದುರಿದ ಕಡ್ಡಿಯನ್ನು ಒಳ್ಳೆಯ ಸೂಜಿಯೆಂದು ಮಾರುವುದು ಉಂಟು, ಮಾರುವವರಿಗೇ ಅದು ತಿಳಿದಿರುವುದಿಲ್ಲ. ಟಾರ್ಚ್ ಬೆಳಕಿನಲ್ಲಿ ತುದಿಯ ಎರಡು ಪಕ್ಕಗಳಲ್ಲಿ ಹೊಳೆಯುವ ಚಪ್ಪಟೆ ಮುಖಗಳು ಕಂಡರೆ ಅದು ಸವೆದಿದೆ. ಸೂಜಿಯ ಬಾಳಿಕೆ ಸಾಮಾನ್ಯವಾಗಿ 500ರಿಂದ 1000 ಗಂಟೆ. ಹಳೆಯ ಯಂತ್ರದ ಸೂಜಿ ಎಷ್ಟು ಓಡಿದೆ ಎಂಬುದಕ್ಕೆ ದಾಖಲೆ ಇರುವುದಿಲ್ಲ, ಆದ್ದರಿಂದ ಹೊಸ ಸೂಜಿಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಆ ಖರ್ಚು ಎಷ್ಟೆಂಬುದು ಕಾರ್ಟ್ರಿಜ್ ಜೋಡಣೆಯ ಮೇಲೆ ನಿಂತಿದೆ. ಎರಡು ಸ್ಕ್ರೂಗಳ ನಡುವೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಇರುವ ಜೋಡಣೆಯಾದರೆ ಆಯ್ಕೆ ಹೇರಳ. ಒಂದೇ ಸ್ಕ್ರೂ ಹಾಕಿ ಹಿಂಬದಿಯ ನಾಲ್ಕು ಪಿನ್‌ಗಳನ್ನು ನೇರವಾಗಿ ಚುಚ್ಚುವ ಪಿ-ಮೌಂಟ್ ಆದರೆ ಆಯ್ಕೆ ಕಡಿಮೆ, ಆದರೂ ಸಿಗುತ್ತದೆ. ಅದರ ಸೂಜಿ ಒತ್ತುವ ಭಾರ 1.25 ಗ್ರಾಂ ಎಂದು ನಿಗದಿಯಾಗಿದೆ. ತಯಾರಕರು ತಮ್ಮ ಒಂದೇ ಮಾದರಿಗೆಂದು ಮಾಡಿದ ಜೋಡಣೆಯಾದರೆ, ಅದರ ಸೂಜಿ ಇನ್ನೂ ಸಿಗುತ್ತದೆಂದು ಕಂಡುಕೊಂಡ ಮೇಲೆಯೇ ಮುಂದುವರಿಯಿರಿ.

ಹೆಡ್‌ಶೆಲ್ ಒಳಗಿನ ನಾಲ್ಕು ತಂತಿಗಳನ್ನು ನೋಡಿ: ಬಿಳಿ ಮತ್ತು ನೀಲಿ ಎಡ ಸ್ಪೀಕರ್‌ನವು, ಕೆಂಪು ಮತ್ತು ಹಸಿರು ಬಲದವು. ಯಾವುದಾದರೂ ಕಳಚಿದ್ದರೆ ಆ ಪಕ್ಕದ ಧ್ವನಿಯಲ್ಲಿ ತೊಂದರೆ ಖಚಿತ, ಆದರೆ ರಿಪೇರಿ ಸುಲಭ.

ಈಗ ತೋಳಿಗೆ ಭಾರ ಕೊಡಿ. ಕಾರ್ಟ್ರಿಜ್‌ಗೆ ತಯಾರಕರು ಹೇಳಿದ ಭಾರವೇ ಅಂತಿಮ. ಸೂಜಿಯೊಂದಿಗೆ ಪುಟ್ಟ ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಬಗೆಯವಕ್ಕೆ ಅದು ಹೆಚ್ಚಾಗಿ 1.5ರಿಂದ 2 ಗ್ರಾಂ ಆಸುಪಾಸು. ತಕ್ಕಡಿಯಲ್ಲಿ ಅಳೆಯಿರಿ, ತೋಳಿನ ಮೇಲಿನ ಅಂಕಿಯನ್ನು ನಂಬಬೇಡಿ. ಹಾಳಾದರೂ ಚಿಂತೆಯಿಲ್ಲದ ರೆಕಾರ್ಡನ್ನು ತಿರುಗದ ಪ್ಲ್ಯಾಟರ್ ಮೇಲಿಟ್ಟು ಅದರ ಮೇಲೆ ಸೂಜಿ ಇಳಿಸಿ ಪಕ್ಕದಿಂದ ನೋಡಿ. ಸರಿಯಾದ ಭಾರದಲ್ಲೂ ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗುತ್ತಿದ್ದರೆ ಸೂಜಿಯ ರಬ್ಬರ್ ಸತ್ತಿದೆ.

6. ವಿದ್ಯುತ್ ಮತ್ತು ವೇಗ

ವೋಲ್ಟೇಜ್ ಸರಿ ಇದೆಯೆಂದು ಮತ್ತೊಮ್ಮೆ ನೋಡಿ ಪ್ಲಗ್ ಹಾಕಿ. ಬೆಲ್ಟ್ ಮಾದರಿಯಲ್ಲಿ ಪ್ಲ್ಯಾಟರ್ ವೇಗ ಹಿಡಿಯಲು ಕೆಲವು ಸೆಕೆಂಡು ತೆಗೆದುಕೊಳ್ಳುವುದು ಸಹಜ. ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತದೆ ಎಂದರೆ ಬೆಲ್ಟ್ ಅಥವಾ ಮೋಟಾರ್ ದಣಿದಿದೆ. ಡೈರೆಕ್ಟ್ ಡ್ರೈವ್ ತಕ್ಷಣ ಹೊರಟು ಸ್ಥಿರವಾಗಬೇಕು. ಹಿಡಿತವಿಲ್ಲದೆ ಓಡತೊಡಗಿದರೆ ಅಥವಾ ಹಿಂದೆ ಮುಂದೆ ತಡಕಾಡಿದರೆ ನಿಯಂತ್ರಣ ಫಲಕ ಕೆಟ್ಟಿದೆ. ಅಂಥ ಫಲಕಗಳ ಕೆಲವು ಐಸಿಗಳು ಈಗ ತಯಾರಾಗುವುದಿಲ್ಲ.

ವೇಗ ಅಳೆಯಲು ದುಬಾರಿ ಉಪಕರಣ ಬೇಡ. ರೆಕಾರ್ಡ್ ಹಾಕಿ, ಪ್ಲ್ಯಾಟರ್ ಅಂಚಿಗೆ ಬಣ್ಣದ ಅಂಟುಪಟ್ಟಿ ಅಂಟಿಸಿ, ಸೂಜಿ ಗೆರೆಯಲ್ಲಿರುವಾಗಲೇ ಸುತ್ತು ಎಣಿಸಿ. 33⅓ ವೇಗದಲ್ಲಿ 100 ಸುತ್ತಿಗೆ ಸರಿಯಾಗಿ 3 ನಿಮಿಷ ಬೇಕು. 1 ಸೆಕೆಂಡ್ ವ್ಯತ್ಯಾಸ ಎಂದರೆ ಸುಮಾರು ಶೇಕಡಾ ಅರ್ಧದಷ್ಟು ತಪ್ಪು. 3 ನಿಮಿಷ 36 ಸೆಕೆಂಡ್ ಬಂದರೆ 60 ಹರ್ಟ್ಸ್ ಯಂತ್ರವನ್ನು 50 ಹರ್ಟ್ಸ್‌ನಲ್ಲಿ ಓಡಿಸುತ್ತಿದ್ದೀರಿ. 2 ನಿಮಿಷ 30 ಸೆಕೆಂಡ್ ಬಂದರೆ ಅದರ ತಿರುಗುಮುರುಗು. 45ರ ವೇಗದಲ್ಲಿ ಒಂದು ನಿಮಿಷಕ್ಕೆ 45 ಸುತ್ತು. ಎರಡೂ ವೇಗಗಳನ್ನು ನೋಡಿ, ಒಂದು ಮಾತ್ರ ಸರಿ ಇರುವ ಯಂತ್ರಗಳು ಅಪರೂಪವೇನಲ್ಲ.

ಸುತ್ತಿನ ವೇಗ ಹೇಳುವ ಮೊಬೈಲ್ ಆ್ಯಪ್ ಬಳಸುವುದಾದರೆ ತೋಳನ್ನು ಕೊಂಡಿಗೆ ಹಾಕಿಯೇ ಫೋನನ್ನು ಪ್ಲ್ಯಾಟರ್ ಮೇಲಿಡಿ. ಅಂಚಿನಲ್ಲಿ ಚುಕ್ಕೆಗಳಿರುವ ಪ್ಲ್ಯಾಟರ್ ಆದರೆ ಯಂತ್ರದ್ದೇ ದೀಪದ ಬೆಳಕಿನಲ್ಲಿ ನೋಡಿ: ಸರಿಯಾದ ವೇಗದಲ್ಲಿ ಚುಕ್ಕೆಗಳು ನಿಂತಂತೆ ಕಾಣುತ್ತವೆ. ತಿರುಗುವ ದಿಕ್ಕಿಗೇ ಹರಿದರೆ ವೇಗ ಹೆಚ್ಚು, ಹಿಂದಕ್ಕೆ ಹರಿದರೆ ಕಡಿಮೆ. 50 ಮತ್ತು 60 ಹರ್ಟ್ಸ್‌ಗೆ ಬೇರೆ ಬೇರೆ ಸಾಲುಗಳಿದ್ದರೆ ನಿಮ್ಮ ವಿದ್ಯುತ್ತಿಗೆ ತಕ್ಕ ಸಾಲನ್ನು ಮಾತ್ರ ನೋಡಬೇಕು. ಮೊಬೈಲ್ ಟಾರ್ಚ್‌ನಲ್ಲಿ ಇದು ಕಾಣುವುದಿಲ್ಲ.

ವೇಗ ಹೊಂದಿಸುವ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸಿ. ನಡುವೆ ಎಲ್ಲೋ ವೇಗ ಜಿಗಿದರೆ ಒಳಗೆ ಧೂಳು ಸೇರಿದೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಸರಿಹೋಗುವುದು ಹೆಚ್ಚು.

ಯಂತ್ರವನ್ನು ನಿಲ್ಲಿಸಬೇಡಿ. ಅರ್ಧ ಗಂಟೆ ಓಡಲು ಬಿಟ್ಟು ಮುಂದಿನ ಹಂತಕ್ಕೆ ಹೋಗಿ, ಆಮೇಲೆ ಮತ್ತೆ ವೇಗ ಅಳೆಯಿರಿ. ಬಿಸಿಯಾದ ಮೇಲೆ ವೇಗ ಜಾರಿದರೆ, ಮೋಟಾರ್ ಇರುವ ಭಾಗ ಮುಟ್ಟಲಾಗದಷ್ಟು ಸುಟ್ಟರೆ, ಸುಟ್ಟ ವಾಸನೆ ಬಂದರೆ ಪ್ಲಗ್ ತೆಗೆಯಿರಿ.

7. ಕಿವಿ

ಟರ್ನ್‌ಟೇಬಲ್‌ನಿಂದ ಹೊರಬರುವ ವಿದ್ಯುತ್ ಕೆಲವೇ ಮಿಲಿವೋಲ್ಟ್. ಅದನ್ನು ಫೋನೋ ಎಂದು ಬರೆದ ಕಿಂಡಿಗೆ ಅಥವಾ ಫೋನೋ ಪ್ರಿಆಂಪ್‌ಗೇ ಕೊಡಬೇಕು. ಆಕ್ಸ್ ಕಿಂಡಿಗೆ ಕೊಟ್ಟರೆ ಮಂದ್ರವೇ ಇಲ್ಲದ, ತೀರಾ ಕ್ಷೀಣವಾದ ಸದ್ದು ಬರುತ್ತದೆ. ಒಳ್ಳೆಯ ಯಂತ್ರಗಳನ್ನು ಕೆಟ್ಟಿವೆಯೆಂದು ಬಿಟ್ಟುಬಂದವರಲ್ಲಿ ಅನೇಕರು ಹೀಗೆ ಜೋಡಿಸಿ ಕೇಳಿದವರು. ಪೋರ್ಟಬಲ್ ಪೆಟ್ಟಿಗೆಗಳಲ್ಲಿರುವ ಸೆರಾಮಿಕ್ ಕಾರ್ಟ್ರಿಜ್ ಇದಕ್ಕೆ ಹೊರತು. ಅದರ ಶಕ್ತಿ ಬಹಳ ಹೆಚ್ಚು, ಅದಕ್ಕೆ ಫೋನೋ ಕಿಂಡಿ ಬೇಡ. ಗ್ರೌಂಡ್ ತಂತಿ ಇದ್ದರೆ ಪ್ರಿಆಂಪ್‌ನ ಗ್ರೌಂಡ್ ತಿರುಪಿಗೆ ಬಿಗಿಯಿರಿ.

ತೋಳು ಕೊಂಡಿಯಲ್ಲಿರುವಾಗಲೇ ಧ್ವನಿಯನ್ನು ಸ್ವಲ್ಪ ಏರಿಸಿ. "ಗುಂಯ್" ಎಂಬ ಸದ್ದು ಜೋರಾಗಿದ್ದು, ತೋಳಿನ ಲೋಹವನ್ನು ಮುಟ್ಟಿದಾಗ ಅದು ಬದಲಾದರೆ ಗ್ರೌಂಡ್ ಸಂಪರ್ಕ ಎಲ್ಲೋ ಕಡಿದಿದೆ. ಧ್ವನಿ ತಗ್ಗಿಸಿ, ಮೊದಲು ಚಿಂತೆಯಿಲ್ಲದ ರೆಕಾರ್ಡಿನ ಮೇಲೆ ಸೂಜಿ ಇಳಿಸಿ. ಅದು ಸುರಕ್ಷಿತವಾಗಿ ನಡೆದರೆ ಮಾತ್ರ ನಿಮ್ಮ ಪ್ರೀತಿಯ ರೆಕಾರ್ಡನ್ನು ಹಾಕಿ.

ಒಂದು ಪಕ್ಕ ಮೂಕವಾಗಿದ್ದರೆ ಎಡ ಬಲ ಪ್ಲಗ್‌ಗಳನ್ನು ಪ್ರಿಆಂಪ್ ಬಳಿ ಅದಲುಬದಲು ಮಾಡಿ. ಮೌನ ಇನ್ನೊಂದು ಸ್ಪೀಕರ್‌ಗೆ ದಾಟಿದರೆ ದೋಷ ಟರ್ನ್‌ಟೇಬಲ್‌ನದು. ಅದೇ ಸ್ಪೀಕರ್‌ನಲ್ಲಿ ಉಳಿದರೆ ಟರ್ನ್‌ಟೇಬಲ್ ನಿರಪರಾಧಿ. ದೋಷ ಟರ್ನ್‌ಟೇಬಲ್‌ನದಾದರೆ ಧ್ವನಿ ತಗ್ಗಿಸಿ ಹೆಡ್‌ಶೆಲ್ ಕಳಚಿ, ಪಿನ್‌ಗಳನ್ನು ಒಣ ಬಟ್ಟೆಯಿಂದ ಉಜ್ಜಿ ಮತ್ತೆ ಹಾಕಿ. ಕಾರಣ ಬಹಳ ಸಲ ಇಷ್ಟೇ ಇರುತ್ತದೆ. ಆಗದಿದ್ದರೆ ಕೇಬಲನ್ನು ಪ್ಲಗ್ ಬಳಿ ಮೆಲ್ಲಗೆ ಬಾಗಿಸಿ. ಸದ್ದು ಬಂದು ಹೋದರೆ ಕೇಬಲ್ ಬದಲಿಸಿದರೆ ಸಾಕು. ತೋಳು ಎತ್ತಿದಾಗ ಧ್ವನಿ ಕಡಿಯುವ ಒಳಸ್ವಿಚ್ ಇರುವ ಯಂತ್ರಗಳಲ್ಲಿ ಆ ಸ್ವಿಚ್ ಕೊಳೆಯಾದರೂ ಹೀಗಾಗುತ್ತದೆ. ಇದಾವುದೂ ಅಲ್ಲದಿದ್ದರೆ ಕಾರ್ಟ್ರಿಜ್ ಸತ್ತಿರಬೇಕು, ಇಲ್ಲವೇ ತೋಳಿನೊಳಗಿನ ಕೂದಲೆಳೆಯಂಥ ತಂತಿ ತುಂಡಾಗಿರಬೇಕು. ನೀವು ಒಯ್ದ ಹೆಡ್‌ಶೆಲ್ ಇವೆರಡರಲ್ಲಿ ಯಾವುದೆಂದು ಹೇಳಿಬಿಡುತ್ತದೆ.

ಮುಂದೆ ಪಿಯಾನೋದ ದೀರ್ಘ ಸ್ವರ. ಅದು ಅಲೆಯಂತೆ ಏರಿಳಿದರೆ ಅಲೆಗಳ ನಡುವಿನ ಕಾಲ ಎಣಿಸಿ. 33⅓ರಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಏರಿಳಿತ ಇದೇ ಅಂತರದಲ್ಲಿ ಮರಳಿ ಬಂದರೆ ರೆಕಾರ್ಡಿನ ರಂಧ್ರವೇ ನಡುವಿನಿಂದ ಸರಿದಿರಬಹುದು; ಇನ್ನೊಂದು ರೆಕಾರ್ಡ್ ಹಾಕಿ ನೋಡದೆ ಯಂತ್ರವನ್ನು ದೂರಬೇಡಿ. ಅಂತರವಿಲ್ಲದೆ ಅಡ್ಡಾದಿಡ್ಡಿಯಾಗಿ ಬಂದರೆ ಬೆಲ್ಟ್ ಅಥವಾ ಮೋಟಾರ್ ಕಾರಣ. ಸ್ವರ ವೇಗವಾಗಿ ನಡುಗಿದರೆ ಮೋಟಾರ್, ಪುಲ್ಲಿ ಅಥವಾ ಐಡ್ಲರ್ ಚಕ್ರವನ್ನು ಅನುಮಾನಿಸಿ.

ಹಾಡು ಶುರುವಾಗುವ ಮುಂಚಿನ ಖಾಲಿ ಗೆರೆಯಲ್ಲಿ ಧ್ವನಿ ಹೆಚ್ಚಿಸಿ ಕೇಳಿ. ಧೂಳಿನ ಚಿಟಪಟ ರೆಕಾರ್ಡಿನದು. ಅದರ ಕೆಳಗೆ ದೂರದ ಗುಡುಗಿನಂಥ ಒಂದೇ ಸಮನೆಯ ಸದ್ದಿದ್ದರೆ ಅದು ಬೇರಿಂಗ್ ಅಥವಾ ಮೋಟಾರಿನದು. ಕೊನೆಯ ಹಾಡನ್ನೂ ತಪ್ಪದೆ ಕೇಳಿ. ಸವೆದ ಸೂಜಿ ಮತ್ತು ತಪ್ಪು ಜೋಡಣೆ ಮೊದಲ ಹಾಡಿನಲ್ಲಿ ಅಡಗಿಕೊಂಡು ಒಳಗಿನ ಗೆರೆಗಳಲ್ಲಿ ಬಯಲಾಗುತ್ತವೆ; "ಸ" ಅಕ್ಷರ ಸಿಡಿದಂತೆ ಕೇಳಿಸುತ್ತದೆ.

78 ಸುತ್ತಿನ ರೆಕಾರ್ಡ್ ನುಡಿಸುವ ಆಸೆಯಿದ್ದರೆ ವೇಗ ಒಂದಿದ್ದರೆ ಸಾಲದು. ಆ ಗೆರೆ ಅಗಲವಾದದ್ದು, ಅದಕ್ಕೆ ಬೇರೆ ಸೂಜಿ ಬೇಕು.

8. ತಾನಾಗಿ ಚಲಿಸುವ ತೋಳು

ಆಟೊಮ್ಯಾಟಿಕ್ ಮಾದರಿಯಾದರೆ ಮೂರು ಸಲ ಪರೀಕ್ಷಿಸಿ: ಶುರು ಗುಂಡಿ ಒತ್ತಿ, ನಡುಹಾಡಿನಲ್ಲಿ ನಿಲ್ಲಿಸುವ ಗುಂಡಿ ಒತ್ತಿ, ಕೊನೆಗೆ ಒಂದು ಪಕ್ಕ ತಾನಾಗಿ ಮುಗಿಯಲು ಬಿಟ್ಟು. ತೋಳು ಅರ್ಧ ದಾರಿಯಲ್ಲಿ ನಿಂತರೆ ಅಥವಾ ಮುಗಿದ ಮೇಲೂ ಎದ್ದೇಳದಿದ್ದರೆ ಗಟ್ಟಿಯಾದ ಗ್ರೀಸ್ ಕಾರಣವಿರಬಹುದು. ಬಿಚ್ಚಿ ಶುಚಿ ಮಾಡಿದರೆ ಸರಿಹೋಗುತ್ತದೆ, ಕೆಲಸ ಮಾತ್ರ ದೀರ್ಘ. ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದ ಸದ್ದು ಕೇಳಿಸಿದರೆ ಆಸೆ ಬಿಡಿ. ತೋಳು ಚಲಿಸುವಾಗ ಕೈಯಿಂದ ತಡೆಯಬೇಡಿ, ಆ ಚಕ್ರಗಳು ಮುರಿಯುವುದು ಹಾಗೆಯೇ.

9. ತೀರ್ಮಾನ

ಬೆಲ್ಟ್, ಸೂಜಿ, ಕೇಬಲ್, ಮ್ಯಾಟ್, ಒಣಗಿದ ಎಣ್ಣೆ, ಕೊಳೆಯಾದ ಸ್ವಿಚ್ ಇವು ಬೆಲೆ ಇಳಿಸಲು ಕಾರಣಗಳು, ಬಿಟ್ಟುಬರಲು ಅಲ್ಲ. ತೋಳಿನ ಬೇರಿಂಗ್ ಸಡಿಲು, ಇಲ್ಲದ ಕೌಂಟರ್‌ವೇಟ್, ಕರಕರ ಎನ್ನುವ ನಡುಬೇರಿಂಗ್, ಹಿಡಿತ ತಪ್ಪಿದ ಡೈರೆಕ್ಟ್ ಡ್ರೈವ್ ಇವುಗಳಲ್ಲಿ ಒಂದಿದ್ದರೂ ಬಿಟ್ಟುಬನ್ನಿ, ಯಂತ್ರ ಎಷ್ಟೇ ಚೆಂದ ಕಂಡರೂ.

"ಬೆಲ್ಟ್ ಒಂದು ಹಾಕಿದರೆ ಸಾಕು" ಎಂಬ ಮಾತು ಕೇಳಿದಾಗ ಎಚ್ಚರವಿರಲಿ. ಬೆಲ್ಟ್ ಇಲ್ಲದ ಯಂತ್ರದ ವೇಗವನ್ನೂ ಧ್ವನಿಯನ್ನೂ ಯಾರೂ ನೋಡಿಲ್ಲ ಎಂದರ್ಥ. ಹಾಗೆಯೇ ಪ್ಲಗ್ ಹಾಕಲು ಜಾಗವಿಲ್ಲ, ಆಂಪ್ಲಿಫೈಯರ್ ಇಲ್ಲ ಎಂದು ಪರೀಕ್ಷೆ ತಪ್ಪಿಸಿದರೆ ಅದನ್ನು ಓಡದ ಯಂತ್ರವೆಂದೇ ಎಣಿಸಿ ಬೆಲೆ ಹೇಳಿ.

10. ಮನೆಗೆ ಒಯ್ಯುವಾಗ

ಪರೀಕ್ಷೆಯಲ್ಲಿ ಗೆದ್ದ ಯಂತ್ರಗಳು ದಾರಿಯಲ್ಲಿ ಹಾಳಾಗುವುದುಂಟು. ಸೂಜಿಗೆ ಕವಚ ಹಾಕಿ, ಹೆಡ್‌ಶೆಲ್ ಕಳಚುವಂಥದ್ದಾದರೆ ಕಳಚಿ. ಕೌಂಟರ್‌ವೇಟ್ ಬಿಚ್ಚಿ ಬೇರೆ ಇಡಿ. ಅದರ ಭಾರ ಬೇರಿಂಗ್‌ಗೆ ಪ್ರತಿ ಕುಲುಕಿನಲ್ಲೂ ಪೆಟ್ಟು ಕೊಡುತ್ತದೆ. ತೋಳನ್ನು ಕೊಂಡಿಗೆ ಹಾಕಿ ಮೃದುವಾದ ದಾರದಿಂದ ಕಟ್ಟಿ. ಪ್ಲ್ಯಾಟರ್ ಎತ್ತಿ ಬಟ್ಟೆ ಸುತ್ತಿ. ಡೈರೆಕ್ಟ್ ಡ್ರೈವ್‌ಗಳಲ್ಲಿ ಅದರ ತಳದಲ್ಲಿ ಅಯಸ್ಕಾಂತ ಇರಬಹುದಾದ್ದರಿಂದ ವಾಲಿಸದೆ ನೇರವಾಗಿ ಮೇಲಕ್ಕೆತ್ತಿ. ಒಳಚೌಕಟ್ಟು ತೇಲುವ ಮಾದರಿಯಲ್ಲಿ ಸಾಗಣೆಯ ತಿರುಪುಗಳಿದ್ದರೆ ಬಿಗಿಯಿರಿ. ವಾಹನದಲ್ಲಿ ಅಡ್ಡಕ್ಕೆ ಮಲಗಿಸಿಯೇ ಇಡಿ, ನಿಲ್ಲಿಸಬೇಡಿ.

ಮನೆಯಲ್ಲಿ ಜೋಡಿಸುವಾಗ ಮೊದಲು ಸಾಗಣೆಯ ತಿರುಪು ಸಡಿಲಿಸಿ, ಮಟ್ಟ ನೋಡಿ, ತೋಳನ್ನು ಮತ್ತೆ ತೇಲಿಸಿ ಸೊನ್ನೆಯಿಂದ ಭಾರ ಕೊಡಿ. ಮಾರುವವರ ಮನೆಯಲ್ಲಿ ಕೊಟ್ಟ ಭಾರ ಕೌಂಟರ್‌ವೇಟ್ ಬಿಚ್ಚಿದಾಗಲೇ ಹೋಯಿತು.